ಅಕ್ಕಿ ಅಳೆದು ಕೊಟ್ಟರೆ ಊಟ ಬಡಿಸಿದಂತೆಯೆ?

'ಲಿನಕ್ಸ್ ಬಳಸಿ, ಎಲ್ಲವೂ ಉಚಿತ, ಯಾರ ಹಂಗೂ ಇಲ್ಲ' ಎಂದು ಭಾಷಣ ಮಾಡುವ ತರುಣರನ್ನು ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ ಕೇಳಬೇಕೆನಿಸುತ್ತದೆ: ಬಡಿಸುವವರು ಯಾರಪ್ಪ? ಇವರು ಹೇಳುವ 'ಫ್ರೀ' ಎಂಬ ಪದಕ್ಕೆ ಬಿಟ್ಟಿ ಎಂದು ಅರ್ಥವಲ್ಲವಂತೆ, ಸ್ವಾತಂತ್ರ್ಯ ಎಂದಂತೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದವಾದ್ದರಿಂದ ಅವರು ಗಂಟೆಗಟ್ಟಲೆ ವಿವರಿಸಬೇಕಾಗುತ್ತದೆ. ಕನ್ನಡದಲ್ಲಿ ನಮಗೆ ಆ ಕಷ್ಟವಿಲ್ಲ. ಬಿಟ್ಟಿ ಬೇರೆ, ಬಿಡುಗಡೆ ಬೇರೆ ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಆದರೆ ಅವರಿಗೆ ಗೊತ್ತಿದ್ದ ಇನ್ನೊಂದು ಸಂಗತಿ ಈ ಭಾಷಣಕಾರರಿಗೆ ಗೊತ್ತಿಲ್ಲ. ಉಗ್ರಾಣದ ಬೀಗದ ಕೈ ಕೊಟ್ಟ ಮಾತ್ರಕ್ಕೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಮಾತು ಬರಿದೆ ಗಾಳಿಯಲ್ಲಿ ತೇಲಬಾರದು. ಒಂದು ಆಟವನ್ನೇ ಹಿಡಿದು ಹೇಳುತ್ತೇನೆ. 'ಬ್ಯಾಟಲ್ ಫಾರ್ ವೆಸ್ನಾಥ್' ಎಂದು ಅದರ ಹೆಸರು. ಡೇವಿಡ್ ವೈಟ್ ಎಂಬಾತ 2003ರಲ್ಲಿ ಶುರುಮಾಡಿದ್ದು. ಆಮೇಲೆ ಲೋಕದ ನಾನಾ ಮೂಲೆಗಳ ಜನ ಬಿಡುವಿನ ವೇಳೆಯಲ್ಲಿ ಕೂತು ಬೆಳೆಸಿದ್ದು. ನಮ್ಮ ಚದುರಂಗ, ಪಗಡೆಯ ಹಾಗೆ ಸರದಿಯ ಪ್ರಕಾರ ನಡೆ ಇಡುವ ಆಟ. ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳು. ಆಟದೊಳಗೆ ಬೆಳಗಾಗುತ್ತದೆ, ರಾತ್ರಿಯಾಗುತ್ತದೆ; ಧರ್ಮಿಷ್ಠ ಪಡೆಗೆ ಹಗಲಲ್ಲಿ ಬಲ ಹೆಚ್ಚು, ದುಷ್ಟ ಪಡೆಗೆ ಇರುಳಲ್ಲಿ. ಹೊಡಿ ಬಡಿ ಎಂದು ಬೆರಳು ನೋಯಿಸಿಕೊಳ್ಳಬೇಕಾಗಿಲ್ಲ. ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗ ಒಂದು ನಡೆ ಇಟ್ಟು ಎದ್ದು ಹೋಗಬಹುದು. ನಮ್ಮಂಥವರಿಗೆ ಹೇಳಿ ಮಾಡಿಸಿದ ಆಟ. ನಾನೂ ಹಾಸ್ಟೆಲಿನಲ್ಲಿರುವ ಮಗಳೂ ವಾರಕ್ಕೊಮ್ಮೆ ಇದನ್ನು ಕೂಡಿ ಆಡೋಣವೆಂದುಕೊಂಡೆವು. ಫೋನಿನಲ್ಲಿ 'ಊಟ ಆಯ್ತಾ', 'ಆಯ್ತಮ್ಮ' ಎಂಬ ಎರಡು ಮಾತಿಗಿಂತ ಹೆಚ್ಚು ಹೊತ್ತು ಜೊತೆಗಿರಲು ಅದೊಂದು ದಾರಿ.

ಇಬ್ಬರ ಕಂಪ್ಯೂಟರಿನಲ್ಲೂ ಲಿನಕ್ಸ್ ಇತ್ತು. ಆಟವೂ ಇತ್ತು. ಕೂಡಿ ಆಡಲು ಮಾತ್ರ ಆಗಲಿಲ್ಲ. ನನ್ನದು 1.16, ಅವಳದು 1.18. ಈ ಆಟದಲ್ಲಿ ಚುಕ್ಕಿಯ ಮುಂದಿನ ಅಂಕಿ ಬೇರೆಯಾದರೆ ಪಂಕ್ತಿಯೇ ಬೇರೆ. ಎರಡು ಸರಣಿಯವರು ಒಟ್ಟಿಗೆ ಕೂರುವಂತಿಲ್ಲ.

ಇದಕ್ಕೆ ಆಟ ಕಟ್ಟಿದವರನ್ನು ಬೈದು ಫಲವಿಲ್ಲ. ಲಿನಕ್ಸ್ ಎಂದರೆ ಒಂದು ಮನೆ ಎಂದು ನಾವು ತಿಳಿದಿರುತ್ತೇವೆ. ಅದು ಒಂದು ಊರು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಗೆ ಬಿಟ್ಟದ್ದು ಕರ್ನಲ್ ಎಂಬ ತಿರುಳನ್ನಷ್ಟೆ. ಅದರ ಸುತ್ತ ಉಳಿದದ್ದನ್ನೆಲ್ಲ ಜೋಡಿಸಿ, ಬಳಸಲು ಬರುವ ಹಾಗೆ ಮಾಡಿ ಕೊಡುವ ಬಳಗಗಳು ಆಮೇಲೆ ಒಂದೊಂದಾಗಿ ಹುಟ್ಟಿದವು. 1993ರಲ್ಲಿ ಡೆಬಿಯನ್, 2002ರಲ್ಲಿ ಆರ್ಚ್, 2003ರಲ್ಲಿ ಫೆಡೋರಾ, 2004ರಲ್ಲಿ ಉಬುಂಟು. ಒಬ್ಬೊಬ್ಬರ ಅಡುಗೆಮನೆಯ ರೀತಿ ಒಂದೊಂದು. ಡೆಬಿಯನ್ನಿನವರು ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಪರೀಕ್ಷಿಸಿ ಭದ್ರವಾಗಿ ಡಬ್ಬಿಗೆ ತುಂಬಿಡುತ್ತಾರೆ. ಆಮೇಲೆ ಸುಲಭಕ್ಕೆ ಬದಲಿಸುವುದಿಲ್ಲ. ಅವರ 2023ರ ಡಬ್ಬಿಯಲ್ಲಿದ್ದದ್ದು 1.16. ಆಟದ 1.18 ಬಂದದ್ದು 2024ರ ಮಾರ್ಚಿನಲ್ಲಿ. ಆರ್ಚ್‌ನವರು ದಿನದ ಸಂತೆ ದಿನವೇ ಮಾಡುವವರು. ಹೊಸದು ಬಂದ ಕೂಡಲೆ ತಂದುಬಿಡುತ್ತಾರೆ. ಇಬ್ಬರದೂ ತಪ್ಪಲ್ಲ. ಒಬ್ಬರು ಉಪ್ಪಿನಕಾಯಿ ಹಾಕುವವರು, ಇನ್ನೊಬ್ಬರು ತಾಜಾ ತರಕಾರಿಯವರು. ಆದರೆ ಆ ಎರಡು ರೀತಿಗಳ ನಡುವಿನ ಕಂದರ ದಾಟುವ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ? ಆಡಲು ಕೂತವಳ ಮೇಲೆ.

ನನ್ನ ಅಣ್ಣನ ಮಗನಿಗೆ ಇದು ಸಮಸ್ಯೆಯೆಂದೇ ಅನಿಸಲಿಲ್ಲ. 'ಅತ್ತೆ, ಸೋರ್ಸ್ ಕೋಡ್ ಇದೆಯಲ್ಲ, ನೀವೇ ಕಂಪೈಲ್ ಮಾಡ್ಕೊಳ್ಳಿ. ಅದೇ ಅಲ್ವಾ ಲಿನಕ್ಸಿನ ಸೊಗಸು?' ಎಂದ. ಕಂಪೈಲ್ ಎಂದರೆ, ಮನುಷ್ಯರು ಬರೆದ ಸೂಚನೆಯನ್ನು ಯಂತ್ರಕ್ಕೆ ತಿಳಿಯುವ ಹಾಗೆ ಅರೆದು ರುಬ್ಬಿ ಕೊಡುವುದು. ರುಬ್ಬಲು ನನಗೇನೂ ಅಂಜಿಕೆಯಿಲ್ಲ. ಒಂದು ಭಾನುವಾರ ಕೂತೇಬಿಟ್ಟೆ. ಅರ್ಧ ನಿಮಿಷ ಓಡಿ ನಿಂತಿತು, 'ಬೂಸ್ಟ್' ಇಲ್ಲವಂತೆ. ಹಾಲಿಗೆ ಹಾಕುವ ಬೂಸ್ಟ್ ಅಲ್ಲ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಸಾಮಗ್ರಿಗೆ ಲೈಬ್ರರಿ ಎನ್ನುತ್ತಾರೆ. ಅಂಥ ಒಂದರ ಹೆಸರು ಇದು. ಇದನ್ನು ಡೆಬಿಯನ್ನಿನ ಅಂಗಡಿಯಲ್ಲಿ 'ಲಿಬ್‌ಬೂಸ್ಟ್ ಡೆವ್' ಎಂದು ಕೇಳಬೇಕು, ಫೆಡೋರಾದಲ್ಲಿ 'ಬೂಸ್ಟ್ ಡೆವೆಲ್', ಆರ್ಚ್‌ನಲ್ಲಿ ಬರೇ 'ಬೂಸ್ಟ್'. ಮೈಸೂರಿನವರ ಧನಿಯವನ್ನು ಧಾರವಾಡದವರು ಹವೀಜ ಎನ್ನುತ್ತಾರಲ್ಲ, ಹಾಗೆ. ಬೂಸ್ಟ್ ಆದ ಮೇಲೆ ಚಿತ್ರಕ್ಕೊಂದು, ಸದ್ದಿಗೊಂದು, ಅಕ್ಷರ ಮೂಡಿಸಲಿಕ್ಕೊಂದು. ಒಂದನ್ನು ತಂದುಕೊಟ್ಟರೆ ಇನ್ನೊಂದಕ್ಕೆ ಕೈಚಾಚುತ್ತದೆ. ಸಂಜೆಯ ಹೊತ್ತಿಗೆ ಆಟ ತೆರೆದುಕೊಂಡಿತು. ಒಂದು ಭಾನುವಾರವೂ ಹೋಯಿತು. ಅಣ್ಣನ ಮಗ, 'ನೋಡಿದ್ರಾ, ಎಷ್ಟು ಸುಲಭ!' ಎಂದ. ಆ ದಿನ ಅವನ ಮನೆಯಲ್ಲಿ ತಿಂಡಿ, ಊಟ, ಕಾಫಿಗಳು ಯಾರ ಕೈಯಿಂದ ಬಂದವೆಂದು ನಾನು ಕೇಳಲಿಲ್ಲ.

ಹಾಗಾದರೆ ಬೇರೆಯವರು ರುಬ್ಬಿದ್ದನ್ನು ತಂದು ಹಾಕಿಕೊಳ್ಳಬಾರದೆ? ಅಲ್ಲೂ ಒಂದು ತೊಡಕಿದೆ. ಲಿನಕ್ಸಿನ ಹೆಚ್ಚಿನ ತಂತ್ರಾಂಶಗಳೆಲ್ಲ ನಿಂತಿರುವುದು 'ಜಿಲಿಬ್‌ಸಿ' ಎಂಬ ಒಂದು ಮೂಲ ಲೈಬ್ರರಿಯ ಮೇಲೆ. ಹಳೆಯ ಜಿಲಿಬ್‌ಸಿ ನೋಡಿ ಕಟ್ಟಿದ್ದು ಹೊಸದರ ಮೇಲೆ ನಡೆಯುತ್ತದೆ. ಹೊಸದನ್ನು ನೋಡಿ ಕಟ್ಟಿದ್ದು ಹಳೆಯದರ ಮೇಲೆ ನಡೆಯುವ ಭರವಸೆಯಿಲ್ಲ. 2020ರ ಉಬುಂಟುವಿನಲ್ಲಿ ಇದ್ದದ್ದು 2.31, 2022ರದರಲ್ಲಿ 2.35. ಎರಡೇ ವರ್ಷದ ಅಂತರ. ಹೊಸ ಮನೆಯಲ್ಲಿ ಕಟ್ಟಿದ ಆಟವನ್ನು ಹಳೆ ಮನೆಗೆ ಒಯ್ದರೆ 'ಜಿಲಿಬ್‌ಸಿ 2.34 ಸಿಗಲಿಲ್ಲ' ಎಂಬಂಥ ಒಂದು ಸಾಲು ಬರೆದು ಬಾಗಿಲು ಹಾಕಿಕೊಳ್ಳುತ್ತದೆ.

ಇದನ್ನು ನಾನೊಬ್ಬಳೇ ಹೇಳಿದರೆ 'ಆಂಟಿಗೆ ತಿಳಿಯಲ್ಲ' ಎನ್ನಬಹುದು. ನಮ್ಮೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ ಹಾಗೇ ಅಂದ, ವಿಂಡೋಸ್ ಹಾಕಿಸಿಕೊಳ್ಳಿ ಎಂದ. ಆದರೆ 2014ರ ಆಗಸ್ಟಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನಡೆದ ಡೆಬಿಯನ್ ಸಮ್ಮೇಳನದಲ್ಲಿ ಸಾಕ್ಷಾತ್ ಟೊರ್ವಾಲ್ಡ್ಸರೇ ಇದೇ ಗೋಳು ತೋಡಿಕೊಂಡರು. ನೀರಿನಡಿಯಲ್ಲಿ ಈಜುವವರ ಲೆಕ್ಕ ಇಡುವ 'ಸಬ್‌ಸರ್ಫೇಸ್' ಎಂಬ ತಂತ್ರಾಂಶ ಅವರದು. ಅದನ್ನು ವಿಂಡೋಸಿಗೂ ಆಪಲ್‌ಗೂ ಸಿದ್ಧವಾಗಿ ಕೊಡುತ್ತೇವೆ, ಲಿನಕ್ಸಿಗೆ ಕೊಡುವುದೇ ಬಲು ಕಷ್ಟ ಎಂಬುದು ಅವರ ದೂರಿನ ಸಾರ. ಊರು ಕಟ್ಟಿದ ಯಜಮಾನನಿಗೇ ಊರಿನ ಮನೆಮನೆಗೆ ಬುತ್ತಿ ತಲುಪಿಸಲಾಗದಿದ್ದರೆ, 'ನಿಮಗೆ ಬರಲ್ಲ' ಎಂದು ಗೃಹಿಣಿಯನ್ನು ಅಣಕಿಸುವುದರಲ್ಲಿ ಯಾವ ನ್ಯಾಯವಿದೆ?

ಈ ಕಷ್ಟಕ್ಕೆ ಪರಿಹಾರವೆಂದು ಈಗ ಡಬ್ಬಿಗಳು ಬಂದಿವೆ. ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್. ಆಟಕ್ಕೆ ಬೇಕಾದದ್ದನ್ನೆಲ್ಲ ಅದರ ಜೊತೆಗೇ ಕಟ್ಟಿಕೊಡುವ ಉಪಾಯ. ಮನೆಯಲ್ಲಿ ಏನಿದೆ ಏನಿಲ್ಲ ಎಂದು ಕೇಳದೆ, ತನ್ನ ಅನ್ನ ಸಾರು ಪಲ್ಯ ತಾನೇ ತರುವ ಟಿಫನ್ ಕ್ಯಾರಿಯರ್. ಇದಕ್ಕೂ ಮಡಿವಂತರ ತಕರಾರಿದೆ: ಜಾಗ ಬಹಳ ತಿನ್ನುತ್ತದೆ, ಒಂದೇ ಲೈಬ್ರರಿ ಹತ್ತು ಕಡೆ ಇರುತ್ತದೆ, ಅದರಲ್ಲಿ ತೂತು ಕಂಡರೆ ಹತ್ತು ಕಡೆ ಮುಚ್ಚಬೇಕು. ಮಾತು ಸುಳ್ಳಲ್ಲ. ಆದರೂ ನಾನು ಟಿಫನ್ ಕ್ಯಾರಿಯರಿನ ಪಕ್ಷ. ನಾನೂ ಮಗಳೂ ಕಡೆಗೆ ಕೂಡಿ ಆಡಿದ್ದು ಫ್ಲಾಟ್‌ಪ್ಯಾಕಿನಿಂದಲೇ. ಇಬ್ಬರಿಗೂ ಒಂದೇ ಡಬ್ಬಿ, ಒಂದೇ 1.18. (ಅವಳೇ ಗೆದ್ದಳು, ಇರಳಿನ ಪಡೆ ಅವಳದು.)

ಹಾಗೆಂದು ಡಬ್ಬಿಗಳೆಲ್ಲ ಸಾಧುಗಳಲ್ಲ. ಆ್ಯಪ್‌ಇಮೇಜಿನ ಹೆಗ್ಗಳಿಕೆಯೇ 'ಎಲ್ಲ ಕಡೆ ನಡೆಯುತ್ತೇನೆ' ಎಂಬುದು. ಅದರ ಹಳೆಯ ರೀತಿಯವಕ್ಕೆ ಲಿಬ್‌ಫ್ಯೂಸ್2 ಎಂಬುದು ಕಂಪ್ಯೂಟರಿನಲ್ಲಿ ಮೊದಲೇ ಇರಬೇಕು. ಉಬುಂಟುವಿನಲ್ಲಿ 2022ರಿಂದ ಅದು ತಾನಾಗಿ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. 2024ರಲ್ಲಂತೂ ಅದರ ಹೆಸರೂ ಲಿಬ್‌ಫ್ಯೂಸ್2ಟಿ64 ಎಂದಾಯಿತು. ಗೊತ್ತಿಲ್ಲದವಳು ಎರಡು ಸಲ ಒತ್ತುತ್ತಾಳೆ, ಏನೂ ಆಗುವುದಿಲ್ಲ. ಒಂದು ತಪ್ಪು ಸಂದೇಶ ಕೂಡ ತೆರೆಯ ಮೇಲೆ ಬರುವುದಿಲ್ಲ. ಬೈದರೂ ವಾಸಿ, ಮುಖ ತಿರುಗಿಸಿಕೊಂಡು ಕೂತವರ ಜೊತೆ ಬಾಳುವುದು ಹೇಗೆ?

ನನ್ನ ಜಗಳ ಯಾರ ಮೇಲೆ ಎಂದು ಸ್ಪಷ್ಟವಾಗಲಿ. ಆಟ ಬರೆದವರ ಮೇಲಲ್ಲ. ಅದನ್ನು ಒಂದೊಂದು ಬಳಗದ ಉಗ್ರಾಣಕ್ಕೂ ಹೊಂದಿಸಿ, ಮುರಿದದ್ದನ್ನು ತೇಪೆ ಹಾಕಿ ಇಡುವ ಪ್ಯಾಕೇಜುಗಾರರ ಮೇಲಂತೂ ಅಲ್ಲವೇ ಅಲ್ಲ. ಅವರಲ್ಲಿ ಬಹಳ ಜನ ಸಂಬಳವಿಲ್ಲದೆ ದುಡಿಯುವವರು. ಎಲ್ಲ ಸರಿಯಿದ್ದಾಗ ಯಾರೂ ಅವರ ಹೆಸರೆತ್ತುವುದಿಲ್ಲ. ಉಪ್ಪು ಕಡಿಮೆಯಾದ ದಿನ ಮಾತ್ರ ಎಲ್ಲರಿಗೂ ಅವರ ನೆನಪು. ಓದುಗರೆ, ಈ ಪಾಡನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಡೆಬಿಯನ್ ಎಂಬ ಹೆಸರಿನ ಅರ್ಧ ಭಾಗ ಡೆಬ್ರಾ ಎಂಬ ಹೆಣ್ಣುಮಗಳದು. ಅದನ್ನು ಆರಂಭಿಸಿದ ಇಯಾನ್ ಮರ್ಡಾಕ್ ತನ್ನ ಗೆಳತಿಯ ಹೆಸರನ್ನು ತನ್ನ ಹೆಸರಿಗೆ ಜೋಡಿಸಿದ್ದು. ಭಾಷಣಕಾರರು ಈ ಕಥೆಯನ್ನು ಬಲು ಇಷ್ಟದಿಂದ ಹೇಳುತ್ತಾರೆ. ಪ್ಯಾಕೇಜು ಕಟ್ಟುವವರ ಒಂದು ಹೆಸರನ್ನೂ ಹೇಳುವುದಿಲ್ಲ.

ನನ್ನ ಜಗಳ ಈ ಭಾಷಣಕಾರರ ಮೇಲೆ. ಕೆಲವು ವರ್ಷಗಳ ಹಿಂದೆ ನನಗೆ ಪರಿಚಯದ ಒಬ್ಬ ಶಿಕ್ಷಕಿಯ ಶಾಲೆಗೆ ಒಂದು ತಂಡ ಬಂತು. ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿದರು, ಮಕ್ಕಳಿಗೆ ಸ್ವಾತಂತ್ರ್ಯದ ಬಗ್ಗೆ ಒಂದು ಗಂಟೆ ಹೇಳಿದರು, ಫೋಟೋ ತೆಗೆಸಿಕೊಂಡು ಹೋದರು. ಎಂಟು ಕಂಪ್ಯೂಟರು, ಮೂರು ಬಗೆಯ ಲಿನಕ್ಸ್. ಯಾರ ಕೈಲಿ ಯಾವುದಿತ್ತೋ ಅದು. ಮಗ್ಗಿ ಕಲಿಸುವ ಆಟ ಎರಡರಲ್ಲಿ ತೆರೆಯಿತು, ಉಳಿದವುಗಳಲ್ಲಿ ಇಲ್ಲ. ಆ ಶಿಕ್ಷಕಿ ಫೋನು ಮಾಡಿದರೆ 'ಸಿಂಪಲ್ ಮೇಡಂ, ಟರ್ಮಿನಲ್ ತೆಗೆದು ಹೊಡೀರಿ' ಎಂಬ ಉತ್ತರ. ಬಿಸಿಯೂಟದ ಲೆಕ್ಕ, ಹಾಜರಿ, ಗಣತಿ ಎಲ್ಲ ಮುಗಿಸಿ ಆಕೆ ಟರ್ಮಿನಲ್ ತೆಗೆಯುವುದು ಯಾವಾಗ? ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ.

ಪಕ್ಕದ ಕೇರಳ ನೋಡಿ. ಅಲ್ಲಿ 'ಐಟಿ ಅಟ್ ಸ್ಕೂಲ್' ಎಂದು ಶುರುವಾಗಿ 2017ರಲ್ಲಿ 'ಕೈಟ್' ಎಂದಾದ ಸರಕಾರಿ ಸಂಸ್ಥೆ, ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಲಿನಕ್ಸ್ ಸಿದ್ಧಪಡಿಸುತ್ತದೆ. ಪಾಠಕ್ಕೆ ಬೇಕಾದದ್ದೆಲ್ಲ ಅದರೊಳಗೇ ಹಾಕಿಟ್ಟಿರುತ್ತದೆ. ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿಯ ಟೀಚರುಗಳು ಹುಟ್ಟುತ್ತಲೇ ಕಂಪೈಲ್ ಕಲಿತು ಬಂದವರಲ್ಲ. ಬಡಿಸುವವರು ಯಾರೆಂದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು, ಅಷ್ಟೆ.

'ಬಿಟ್ಟಿ ಕೊಟ್ಟದ್ದಕ್ಕೆ ದೂರುತ್ತೀರಲ್ಲ' ಎಂಬ ಮಾತು ಬಂದೇ ಬರುತ್ತದೆ. ಕೊಟ್ಟವರನ್ನು ನಾನು ದೂರಿಲ್ಲ. ಆದರೆ ಊಟಕ್ಕೆ ಬನ್ನಿ ಎಂದು ಊರೆಲ್ಲ ಕರೆದು ಬಂದವನು, ಎಲೆಯ ಮುಂದೆ ಕೂತವರಿಗೆ ಸೌದೆ ತೋರಿಸಿದರೆ ಕೇಳಲೇಬೇಕಾಗುತ್ತದೆ. ಆಯ್ಕೆಯ ವೈವಿಧ್ಯವೇ ನಮ್ಮ ಶಕ್ತಿ ಎನ್ನುತ್ತಾರೆ. ಇರಬಹುದು. ನೂರು ಬಗೆಯ ಲಿನಕ್ಸ್ ಇರಲಿ, ನನಗೇನು? ಆ ನೂರರ ದಂಡವನ್ನು ಮಾತ್ರ ಆ ಶಿಕ್ಷಕಿಯ ಸಂಜೆಗಳಿಂದ ವಸೂಲು ಮಾಡಬೇಡಿ. ಹಾಕಿಕೊಟ್ಟವರು ತಿಂಗಳಿಗೊಂದು ಸಲ ಬಂದು ನೋಡಲಿ. ಒಂದೂರಿನ ಶಾಲೆಗಳಿಗೆಲ್ಲ ಒಂದೇ ಬಗೆಯದನ್ನು ಹಾಕಲಿ. ಆಟ ತೆರೆಯದಿದ್ದರೆ ಅದು ತಮ್ಮ ಕೆಲಸ ಎಂದು ತಿಳಿಯಲಿ.

2025ರ ಆಗಸ್ಟಿನಲ್ಲಿ ಡೆಬಿಯನ್ನಿನ ಹೊಸ ಆವೃತ್ತಿ ಬಂತು, ಅದರ ಉಗ್ರಾಣದಲ್ಲಿ ವೆಸ್ನಾಥ್ 1.18 ಇದೆ. ಸದ್ಯಕ್ಕೆ ಎಲ್ಲರೂ ಒಂದೇ ಪಂಕ್ತಿ. ಸ್ಥಿರ ಸರಣಿಗಳಿಗೆ ಸಮಸಂಖ್ಯೆ ಇಡುವುದು ಅವರ ಪದ್ಧತಿ, ಆದ್ದರಿಂದ ಮುಂದಿನದು 1.20. ಅದು ಬಂದ ದಿನ ಮಗಳು ಫೋನು ಮಾಡುತ್ತಾಳೆ. ಅಣ್ಣನ ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ, ಆ ಭಾನುವಾರ ರುಬ್ಬುವ ಸರದಿ ಅವನದು, ಶಾಲೆಯ ಎಂಟು ಕಂಪ್ಯೂಟರುಗಳದೂ ಸೇರಿಸಿ.