ಕೊನೆಯವಳನ್ನು ಯಾಕೆ ಇಳಿಸ್ತೀರಿ ಸ್ವಾಮಿ?

ನಮ್ಮ ಕಡೆ ಈಗ ವರ್ಷಕ್ಕೆ ಎರಡು-ಮೂರು ಮೌಂಟೇನ್ ಬೈಕ್ ರೇಸ್ ಆಗುತ್ತವೆ. ಸಂತೋಷ. ಬ್ಯಾನರಿನ ಮೇಲೆ 'ಹವ್ಯಾಸಿಗಳಿಗಾಗಿ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿರುವ ನಿಯಮ ಓದಿ ನೋಡಿ. ಗೇರ್ ಇರುವ ಸೈಕಲ್ಲೇ ಆಗಬೇಕು. ಶುಲ್ಕ ಒಬ್ಬೊಬ್ಬರಿಗೆ ಬೇರೆ ಬೇರೆ. ಹಿಂದೆ ಬಿದ್ದವರನ್ನು ನಡುವೆಯೇ ಇಳಿಸಲಾಗುವುದು. ಹೀಗಿದ್ದರೆ ಹವ್ಯಾಸಿ ಅಂದರೆ ಯಾರು? ನನ್ನ ತಕರಾರು ಮುಖ್ಯವಾಗಿ ಮೂರನೇ ನಿಯಮದ ಬಗ್ಗೆ.

ಆ ನಿಯಮ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ರೇಸಿನಲ್ಲಿ ಶೇ 80ರ ನಿಯಮ ಅಂತ ಒಂದಿದೆ. ಮುಂದಿರುವವನು ಮೊದಲ ಸುತ್ತಿಗೆ ಹತ್ತು ನಿಮಿಷ ತೆಗೆದುಕೊಂಡರೆ, ಅವನಿಗಿಂತ ಎಂಟು ನಿಮಿಷ ಹಿಂದೆ ಬಿದ್ದವನನ್ನು ಹೊರಗೆ ಕಳಿಸುತ್ತಾರೆ. ಕಿರಿದಾದ ದಾರಿಯಲ್ಲಿ ಮುಂದಿನವನು ಇನ್ನೊಂದು ಸುತ್ತು ಬಂದು ಹಿಂದಿನವನಿಗೆ ಗುದ್ದಬಾರದು ಅನ್ನುವುದು ಅದರ ಉದ್ದೇಶ. ಒಲಿಂಪಿಕ್ಸಿಗೆ ಅದು ಸರಿ. 1996ರ ಅಟ್ಲಾಂಟಾದಿಂದ ಈ ಆಟ ಅಲ್ಲಿದೆ, ಅಲ್ಲಿ ಆಡುವವರಿಗೆ ಅದೇ ಕಸುಬು. ಬೆಳಗ್ಗೆ ಎಮ್ಮೆ ಹಾಲು ಕರೆದು ರೇಸಿಗೆ ಬಂದವರಿಗೂ ಅದೇ ನಿಯಮ ಹಚ್ಚುವುದು ಯಾವ ನ್ಯಾಯ?

ಹೋದ ಸಲದ ರೇಸಿಗೆ ನಮ್ಮ ಊರಿನಿಂದ ಆರು ಜನರ ತಂಡ ಹೋಗಿತ್ತು. ಡೈರಿಯವ, ಐಟಿಐ ಹುಡುಗರಿಬ್ಬರು, ಪಿಯುಸಿ ಓದುವ ಹುಡುಗಿ, ಐವತ್ತು ಸಮೀಪಿಸಿದ ಮೇಷ್ಟ್ರು, ನಾನು. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣಿನ ಸಂಗತಿ ನಿಮಗೆ ಗೊತ್ತೇ ಇದೆ. ನೂರು ಮೀಟರಿನೊಳಗೆ ಚಕ್ರಕ್ಕೂ ಫೋರ್ಕಿಗೂ ನಡುವೆ ಮಣ್ಣು ಮೆತ್ತಿ ಸೈಕಲ್ ಹೂತ ಬಂಡಿಯ ಹಾಗೆ ನಿಂತುಬಿಡುತ್ತದೆ. ಆಗ ಲಕ್ಷ ರೂಪಾಯಿಯ ಸೈಕಲ್ಲೂ ಹೆಗಲ ಮೇಲೆ, ನಮ್ಮದೂ ಹೆಗಲ ಮೇಲೆ. ಸಮಾನತೆ ಅಂದರೆ ಅದು. ಮೇಷ್ಟ್ರು ಇಳಿಜಾರಿನಲ್ಲಿ ಬ್ರೇಕು ಹತ್ತದೆ ಸೀದಾ ಕುರಿ ಹಿಂಡಿನೊಳಗೆ ಹೊಕ್ಕರು. ಕುರಿಗೂ ಏನೂ ಆಗಲಿಲ್ಲ, ಮೇಷ್ಟ್ರಿಗೂ ಏನೂ ಆಗಲಿಲ್ಲ, ಕುರುಬನ ಬೈಗುಳ ಮಾತ್ರ ಇಲ್ಲಿ ಬರೆಯುವಂಥದ್ದಲ್ಲ. ದಾರಿ ಗುರುತಿಗೆ ಕಟ್ಟಿದ್ದ ಟೇಪನ್ನು ಮೇಕೆ ತಿಂದು ಹಾಕಿದ್ದರಿಂದ ಡೈರಿಯವ ಪಕ್ಕದ ಊರಿಗೆ ಹೋಗಿ, ಒಂದು ಮನೆಯಲ್ಲಿ ಮಜ್ಜಿಗೆ ಕುಡಿದು ವಾಪಸು ಬಂದ. ಈಗಲೂ ಕಟ್ಟೆ ಮೇಲೆ ಕೂತರೆ ಇದೇ ಮಾತು, ಇದೇ ನಗು.

ಪಿಯುಸಿ ಹುಡುಗಿಗೆ ಎರಡನೇ ಸುತ್ತಿನಲ್ಲಿ ನೆಗ್ಗಿಲ ಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ತಾನೇ ಟಯರ್ ಬಿಚ್ಚಿ, ಟ್ಯೂಬು ಬದಲಿಸಿ, ಗಾಳಿ ಹಾಕಿಕೊಂಡು ಮತ್ತೆ ಹೊರಟಳು. ಕೊನೆಯ ಸುತ್ತು ಅರ್ಧ ಉಳಿದಿತ್ತು. ಸೀಟಿ ಊದಿ ಇಳಿಸಿದರು. ಅವಳ ಅಪ್ಪ ಅಲ್ಲೇ ನಿಂತಿದ್ದರು. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ 'ಪೂರ್ಣಗೊಳಿಸಿಲ್ಲ' ಅಂತ ಬಂತು. "ಸಾಕಿನ್ನ, ಎಲ್ಲಾರ ಮುಂದ ಇಳಿಸ್ಯಾರ" ಅಂದರು ಅಪ್ಪ. ಅವಳ ಸೈಕಲ್ ಈಗ ತಮ್ಮನ ಹತ್ತಿರ ಇದೆ.

ಸಂಘಟಕರನ್ನು ಕೇಳಿದಾಗ ಸಮಯ ಇರಲಿಲ್ಲ ಅಂದರು. ಆಮೇಲೆ ವೇದಿಕೆಯಲ್ಲಿ ಶಾಲು, ಹಾರ, ಪೇಟ, ಭಾಷಣ ಒಂದೂವರೆ ತಾಸು ನಡೆಯಿತು. ಸನ್ಮಾನಕ್ಕೆ ಒಂದೂವರೆ ತಾಸು ಇದೆ, ಒಬ್ಬ ಹುಡುಗಿಗೆ ಹತ್ತು ನಿಮಿಷ ಇಲ್ಲ.

ಗುದ್ದಾಟದ ಭಯವಿದ್ದರೆ ದಾರಿ ಬೇರೆ ಇದೆ. ಗೆದ್ದವನು ಗೆರೆ ದಾಟಿದ ಮೇಲೆ ಉಳಿದವರೆಲ್ಲ ತಾವಿರುವ ಸುತ್ತನ್ನು ಮುಗಿಸಲಿ, ಎಷ್ಟು ಸುತ್ತು ಆಯಿತೋ ಅಷ್ಟು ಬರೆದುಕೊಳ್ಳಿ. ಇಲ್ಲವೇ ನಿಧಾನದವರಿಗೆ ಬೇರೆ ಹೊತ್ತಿನಲ್ಲಿ ಓಟ ಇಡಿ.

ಇನ್ನು ಗೇರ್ ಸೈಕಲ್ ಹಟ. ಈ ಆಟ ಹುಟ್ಟಿದ್ದೇ ಗುಜರಿ ಸೈಕಲ್ಲಿನ ಮೇಲೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು ಹಳೇ ಕಾಲದ ದಪ್ಪ ಟಯರಿನ ಸೈಕಲ್ ಹಿಡಿದು ಗುಡ್ಡದ ಮಣ್ಣು ದಾರಿಯಲ್ಲಿ ಪಂದ್ಯ ಕಟ್ಟಿದರು. ಪೆಡಲ್ ಹಿಂದಕ್ಕೆ ತುಳಿದರೆ ಹತ್ತುವ ಬ್ರೇಕು. ಸುಮಾರು ಮೂರು ಕಿಲೋಮೀಟರ್ ಇಳಿಯುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆ ಏಳುತ್ತಿತ್ತು. ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಆ ರೇಸಿಗೆ 'ರಿಪ್ಯಾಕ್' ಅಂತ ಹೆಸರು ಬಂದದ್ದೇ ಅದಕ್ಕೆ. ಅಲ್ಲಿದ್ದವರಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್ ಮುಂತಾದವರು ಆಮೇಲೆ ಸೈಕಲ್ ತಯಾರಿಸಿ ಹೆಸರಾದರು. ಅವತ್ತಿನ ಸೈಕಲ್ ಹಿಡಿದು ನಮ್ಮ ರೇಸಿಗೆ ಅವರು ಬಂದರೆ ಗೇಟಿನಲ್ಲೇ ವಾಪಸು ಕಳಿಸುತ್ತಾರೆ.

ನಮ್ಮ ಸರ್ಕಾರ 2006-07ರಿಂದ ವರ್ಷಗಟ್ಟಲೆ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿದೆ. ಆ ಸೈಕಲ್ಲುಗಳು ಇನ್ನೂ ಎಷ್ಟೋ ಮನೆಯ ಜಗಲಿಯಲ್ಲಿವೆ. ಅವಕ್ಕೊಂದು ವಿಭಾಗ ಇಟ್ಟರೆ ಸಾಕು. ಹಾಗಂತ ಕಡಿದಾದ ಇಳಿಜಾರಿಗೆ ಅವನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ, ರಿಮ್ಮಿಗೆ ಒದ್ದೆ ಮಣ್ಣು ಹತ್ತಿದರೆ ರಬ್ಬರ್ ಬ್ರೇಕು ಹಿಡಿಯುವುದಿಲ್ಲ. ಅವರಿಗೆ ಏರು ಮತ್ತು ಬಯಲು ದಾರಿ ಕೊಡಿ. ಹೆಲ್ಮೆಟ್ ಇಲ್ಲದವರನ್ನು, ಬ್ರೇಕ್ ಕೆಟ್ಟವರನ್ನು ಖಂಡಿತ ನಿಲ್ಲಿಸಿ. ಆ ವಿಷಯದಲ್ಲಿ ನೀವು ಎಷ್ಟು ಬಿಗಿ ಇದ್ದರೂ ನಾನು ನಿಮ್ಮ ಕಡೆ.

'ಮೆಡಲ್ ಬರಬೇಕಾದರೆ ಇಷ್ಟು ಕಟ್ಟುನಿಟ್ಟು ಬೇಕು' ಅನ್ನುವವರಿದ್ದಾರೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೇ ನಡೆದಿದೆ. ಅದೆಲ್ಲ ಹೆಮ್ಮೆ. ಆದರೆ ಡೈರಿಯವ ಮೆಡಲಿಗೆ ಬಂದಿಲ್ಲ. ಬಿದ್ದು, ಎದ್ದು, ಗೆಳೆಯರ ಜತೆ ಮುಗಿಸಿ, ಚುರುಮುರಿ ತಿಂದು ಹೋಗಲು ಬಂದಿದ್ದಾನೆ.

ಹೊರಗಿನಿಂದ ನಿಯಮ ತರುವುದೇ ಆದರೆ ದಕ್ಷಿಣ ಆಫ್ರಿಕಾದಿಂದ ತನ್ನಿ. ಅಲ್ಲಿ 2004ರಿಂದ ಕೇಪ್ ಎಪಿಕ್ ಅನ್ನುವ ಹಲವು ದಿನಗಳ ರೇಸ್ ನಡೆಯುತ್ತಿದೆ. ಇಬ್ಬರ ಜೋಡಿ ಓಡಬೇಕು, ಒಬ್ಬರಿಗೂ ಇನ್ನೊಬ್ಬರಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು, ಇದ್ದರೆ ದಂಡ. ಗಟ್ಟಿಗನೊಬ್ಬನೇ ಮುಂದೆ ಓಡಿ ಏನೂ ಉಪಯೋಗವಿಲ್ಲ, ಸೋತವನಿಗೆ ಗಾಳಿ ಮರೆಯಾಗಿ ನಿಂತು ಕರೆದುಕೊಂಡು ಬರಬೇಕು. ನಮ್ಮ ರೇಸಿನಲ್ಲಿ ಹೀಗಿದ್ದಿದ್ದರೆ ಆ ಪಂಕ್ಚರಿಗೆ ಇನ್ನೊಬ್ಬರು ನಿಂತು ಪಂಪು ಹೊಡೆಯುತ್ತಿದ್ದರು.

ಬರುವ ಜಾತ್ರೆಯ ರೇಸಿಗೆ ನಮ್ಮ ಬೇಡಿಕೆ ಇಷ್ಟೇ. ಮೂವರ ತಂಡದ ವಿಭಾಗ ಇಡಿ. ಅದರಲ್ಲಿ ಒಬ್ಬಳಾದರೂ ಹೆಣ್ಣುಮಗಳು ಇರಬೇಕು. ತಂಡಕ್ಕೆ ಒಂದೇ ಶುಲ್ಕ. ಯಾವ ಸೈಕಲ್ಲಾದರೂ ಸರಿ. ಮೂರನೆಯವರು ಗೆರೆ ದಾಟಿದ ಸಮಯವೇ ತಂಡದ ಸಮಯ. ಮೊದಲ ಹೆಸರು ನಾವೇ ಕೊಡುತ್ತೇವೆ. ಆ ಹುಡುಗಿಯ ಅಪ್ಪನ ಹತ್ತಿರ ಮಾತಾಡಲು ಭಾನುವಾರ ಹೋಗುವವರಿದ್ದೇವೆ. ಮೂರನೆಯವರು ಮೇಷ್ಟ್ರು, ಆದ್ದರಿಂದ ಸಮಯ ಬರೆದುಕೊಳ್ಳುವವರು ಊಟ ಮುಗಿಸಿಕೊಂಡೇ ಬಂದು ಕೂತರೆ ಒಳ್ಳೆಯದು.