ಓಟಿಲ್ಲದ ಊರಿನ ಟ್ರಂಪ್ ಪಂಡಿತರು

ಪೆನ್ಸಿಲ್ವೇನಿಯಾಕ್ಕೆ 19 ಎಲೆಕ್ಟರುಗಳು, ಮಿಷಿಗನ್ನಿಗೆ 15, ಗದ್ದುಗೆಗೆ ಬೇಕಾದದ್ದು 270. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಸ್ ನಿಲ್ದಾಣದಿಂದ ಹಿಡಿದು ಸೊರಬ ತಾಲ್ಲೂಕಿನ ಆನವಟ್ಟಿಯ ಹೋಟೆಲ್ ಬೆಂಚಿನವರೆಗೆ ಈ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುವವರಿಗೆ ಈಗ ಬರವಿಲ್ಲ. 2024ರ ನವೆಂಬರ್ 5ರಂದು ಅಮೆರಿಕದವರು ಮತ ಹಾಕಿದರು, ಟ್ರಂಪ್‌ಗೆ 312, ಕಮಲಾ ಹ್ಯಾರಿಸ್‌ಗೆ 226 ಬಂತು, ಅವರ ಪಾಡಿಗೆ ಅವರು ಕೆಲಸಕ್ಕೆ ಹೋದರು. ನಮ್ಮವರ ಜಗಳ ಮಾತ್ರ ಮುಗಿದಿಲ್ಲ. ಹೆಸರು ಗೊತ್ತಿಲ್ಲದ, ಮುಖ ನೋಡದ ಮನುಷ್ಯನನ್ನು ಟ್ರಂಪ್ ಪರವೆಂದೋ ವಿರೋಧವೆಂದೋ ಜನ್ಮ ಜಾಲಾಡುತ್ತಾರೆ. ಟ್ರಂಪನ್ನು ಹೊಗಳುವವನು ಇಲ್ಲಿ ಯಾವ ಪಕ್ಷದವನು, ತೆಗಳುವವನು ಯಾವ ಪಕ್ಷದವನು ಎಂದು ಕೇಳುವುದೂ ಬೇಡ, ಎರಡನೇ ಮಾತಿಗೇ ತಿಳಿಯುತ್ತದೆ. ಈ ಎರಡೂ ಬಣದ ಪಂಡಿತರಿಗೆ ಹಾಕಬೇಕಾದ ಸುಲಭದ ಪ್ರಶ್ನೆಯೊಂದಿದೆ: ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯ ಯಾರು? ಉತ್ತರ ಬರುವುದಿಲ್ಲ. ಗೊತ್ತಿಲ್ಲದ್ದಕ್ಕಲ್ಲ, ಅಂಥವನೊಬ್ಬ ಇಲ್ಲದ್ದಕ್ಕೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಗೆದ್ದವರ ಅವಧಿ 2021ಕ್ಕೆ ಮುಗಿಯಿತು. 2025 ಕಳೆದು ಹೋಗುವಾಗಲೂ ಆ ಕುರ್ಚಿಗಳಿಗೆ ಚುನಾವಣೆ ನಡೆದಿರಲಿಲ್ಲ. 2016ರಿಂದ ಈಚೆಗೆ ಅಮೆರಿಕ ಅದೇ ವರ್ಷದ ನವೆಂಬರಿನಲ್ಲಿ ಒಮ್ಮೆ, ಮತ್ತೆ 2018, 2020, 2022, 2024ರಲ್ಲಿ, ಒಟ್ಟು ಐದು ಸಲ ದೇಶಕ್ಕೆ ದೇಶವೇ ಮತಗಟ್ಟೆಗೆ ಹೋಗಿ ಬಂದಿದೆ. ಐದು ಸಲ ಓಟು ಹಾಕಿದವರ ಪ್ರಜಾಪ್ರಭುತ್ವ ಅಪಾಯದಲ್ಲಿದೆಯೋ ಇಲ್ಲವೋ ಎಂದು ಗಂಟಲು ಹರಿದುಕೊಳ್ಳುತ್ತಿರುವವರು, ಅಷ್ಟರಲ್ಲಿ ಜಿಲ್ಲಾ ಪಂಚಾಯಿತಿಗೆ ಒಂದು ಸಲವೂ ಓಟು ಸಿಗದೆ ಕುಳಿತವರು!

ಅಮೆರಿಕದ ರಾಜಕೀಯವನ್ನು ನಿಜವಾಗಿ ಬಲ್ಲವರಾಗಿದ್ದರೆ ಇವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಟ್ರಂಪನ ಕೆಂಪು ಟೋಪಿಯಲ್ಲ, ಅಲ್ಲಿನ ಮತಪತ್ರ. ಇವರು ಬಾಯಿಪಾಠ ಮಾಡಿಕೊಂಡಿರುವ ಅದೇ ಮಿಷಿಗನ್ನಿನ ಮತಪತ್ರವನ್ನು ಮೇಲಿಂದ ಕೆಳಗೆ ಓದಿ ನೋಡಿ. ಮೇಲ್ಗಡೆ ಅಧ್ಯಕ್ಷ, ಉಪಾಧ್ಯಕ್ಷ. ಅಲ್ಲಿಂದ ಕೆಳಗಿಳಿದರೆ ಕೌಂಟಿಯ ಶೆರಿಫ್, ಗುಮಾಸ್ತ, ಖಜಾಂಚಿ, ಶಾಲಾ ಮಂಡಳಿಯ ಸದಸ್ಯರು. ಇನ್ನೂ ಒಂದು ಹುದ್ದೆಯಿದೆ, ಅದರ ಹೆಸರು ಡ್ರೈನ್ ಕಮಿಷನರ್. ಮಳೆನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು, ಯಾವ ಕಾಲುವೆಯ ಹೂಳು ತೆಗೆಸಬೇಕು ಎಂದು ನೋಡಿಕೊಳ್ಳುವವನನ್ನೂ ಅಲ್ಲಿನ ಜನ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿಯೇ ಆರಿಸುತ್ತಾರೆ. ಚರಂಡಿ ಕಟ್ಟಿದರೆ ಯಾರ ಮನೆ ಬಾಗಿಲು ಬಡಿಯಬೇಕೆಂದು ಅಲ್ಲಿಯವರಿಗೆ ಗೊತ್ತು. ಸೊರಬದಲ್ಲಿ ಮಳೆಗಾಲಕ್ಕೆ ಮೋರಿ ಕುಸಿದು ಶಾಲೆಯ ದಾರಿ ತುಂಡಾದರೆ ಬಡಿಯಬೇಕಾದ ಬಾಗಿಲಿನ ಹಿಂದೆ ಕೂತಿರುವವನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಆತ ಒಳ್ಳೆಯವನಿರಬಹುದು, ಕೆಟ್ಟವನಿರಬಹುದು, ಅದು ಮುಖ್ಯವಲ್ಲ. ನಾಳೆ ವರ್ಗವಾಗಿ ಹೋಗುವವನು ನಿಮ್ಮೂರಿನ ಮೋರಿಗೆ ಹೆದರಬೇಕಾದ ಕಾರಣ ಏನಿದೆ? ಮಿಷಿಗನ್ನಿನ ಚುನಾವಣೆಯಲ್ಲಿ ನಮ್ಮವರು ನೋಡಿದ್ದು ಮೇಲಿನ ಒಂದು ಸಾಲು ಮಾತ್ರ. ಆ ದೇಶದ ಜೀವ ಇರುವುದು ಕೆಳಗಿನ ಸಾಲುಗಳಲ್ಲಿ, ನಮ್ಮಲ್ಲಿ ಅಳಿಸಿ ಹಾಕಿರುವುದೂ ಅವನ್ನೇ.

ಚುನಾವಣೆ ಯಾಕೆ ನಡೆಯಲಿಲ್ಲ ಎಂದರೆ ಉತ್ತರಗಳ ಕಂತೆಯೇ ಇದೆ. ಮೊದಲು ಕೊರೊನಾ ಎಂದರು. ಸಂವಿಧಾನದ 243ಇ ವಿಧಿ ಪಂಚಾಯಿತಿಗಳ ಐದು ವರ್ಷ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಎನ್ನುತ್ತದೆ, ರೋಗಕ್ಕೊಂದು ರಿಯಾಯಿತಿ, ಕ್ಷಾಮಕ್ಕೊಂದು ರಿಯಾಯಿತಿ ಎಂದು ಅಲ್ಲಿ ಬರೆದಿಲ್ಲ. ಬರೆದಿತ್ತೆಂದೇ ಇಟ್ಟುಕೊಳ್ಳಿ, ಅದೇ 2021ರ ಅಕ್ಟೋಬರ್ 30ರಂದು ಸೊರಬದ ಗಡಿಗೆ ಅಂಟಿಕೊಂಡ ಹಾನಗಲ್ಲಿನಲ್ಲಿ ವಿಧಾನಸಭೆ ಉಪಚುನಾವಣೆ ಭರ್ಜರಿಯಾಗಿ ನಡೆಯಿತಲ್ಲ? ಆನವಟ್ಟಿ ದಾಟಿದ ಮೇಲೆ ಕೊರೊನಾ ಮಾಯವಾಗುತ್ತಿತ್ತೇನು? ಆಮೇಲೆ ಕ್ಷೇತ್ರ ಮರುವಿಂಗಡಣೆ ಎಂದರು. ಆ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು, ಅದಕ್ಕೇ ಬೇರೊಂದು ಆಯೋಗ ಕಟ್ಟಿದರು. ಅದಾದ ಮೇಲೆ ಮೀಸಲಾತಿ ಪಟ್ಟಿ, ಪಟ್ಟಿಯ ಮೇಲೆ ಕೋರ್ಟು, ಕೋರ್ಟಿನಲ್ಲಿ ವಾಯಿದೆ. ಚುನಾವಣೆ ಮಾಡಿ ಎಂದು ಚುನಾವಣಾ ಆಯೋಗವೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಹೋಲಿಕೆಗೆ ಅಮೆರಿಕವೇ ಬೇಕೆನ್ನುವವರು 1864ನ್ನು ನೆನಪಿಸಿಕೊಳ್ಳಲಿ. ದೇಶ ಎರಡು ಹೋಳಾಗಿ ಅಂತರ್ಯುದ್ಧದಲ್ಲಿ ಹೆಣ ಬೀಳುತ್ತಿದ್ದಾಗ ಅಬ್ರಹಾಂ ಲಿಂಕನ್ ಚುನಾವಣೆ ಎದುರಿಸಿದ. 1944ರಲ್ಲಿ ಮಹಾಯುದ್ಧದ ನಡುವೆ ರೂಸ್‌ವೆಲ್ಟ್ ಎದುರಿಸಿದ. ಅವರಿಗೆ ಯುದ್ಧ ನೆಪವಾಗಲಿಲ್ಲ. ನಮಗೆ ಮೀಸಲಾತಿ ಪಟ್ಟಿಯ ಒಂದು ಕಡತ ನಾಲ್ಕು ವರ್ಷಕ್ಕೂ ಸಾಕಾಯಿತು.

ಇದರಲ್ಲಿ ಯಾವ ಪಕ್ಷದ ಪಾಲು ಎಷ್ಟು ಎಂದು ತೂಗಲು ಹೊರಟರೆ ತಕ್ಕಡಿ ಅತ್ತಿತ್ತ ವಾಲುವುದೇ ಇಲ್ಲ. 2021ರಲ್ಲಿ ಅವಧಿ ಮುಗಿದಾಗ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರದ ಶಾಸಕರೇ ಆದ ಬಿ.ಎಸ್. ಯಡಿಯೂರಪ್ಪ. ಅವರ ನಂತರ ಬೊಮ್ಮಾಯಿ. 2023ರಲ್ಲಿ ಕಾಂಗ್ರೆಸ್ ಬಂತು, ಸಿದ್ದರಾಮಯ್ಯ ಬಂದರು, ಸೊರಬದ ಮಧು ಬಂಗಾರಪ್ಪ ಸಚಿವರಾಗಿ ಶಿವಮೊಗ್ಗ ಜಿಲ್ಲೆಯ ಉಸ್ತುವಾರಿಯೂ ಆದರು. ಕಾವೇರಿ, ಕೃಷ್ಣೆ, ತೆರಿಗೆ ಪಾಲು, ಯಾವುದರಲ್ಲೂ ಒಂದಾಗದ ಎರಡು ಪಕ್ಷಗಳು ಒಂದಾಗಿರುವುದು ಈ ಮೌನದಲ್ಲಿ. ಕಾರಣ ಗುಟ್ಟೇನಲ್ಲ. ಜಿಲ್ಲಾ ಪಂಚಾಯಿತಿಗೆ ಗೆದ್ದವನು ನಾಳೆ ಟಿಕೆಟ್ ಕೇಳುತ್ತಾನೆ, ಕಾಮಗಾರಿಯ ಗುದ್ದಲಿ ಪೂಜೆಗೆ ಪಾಲುದಾರನಾಗುತ್ತಾನೆ, ಕಲ್ಲಿನ ಮೇಲೆ ತನ್ನ ಹೆಸರೂ ಕೆತ್ತಿಸಿ ಎನ್ನುತ್ತಾನೆ. ಆಡಳಿತಾಧಿಕಾರಿಗೆ ಈ ಯಾವ ಆಸೆಯೂ ಇಲ್ಲ, ಶಾಸಕರಿಗೆ ಇದಕ್ಕಿಂತ ಸುಖ ಬೇರೆ ಯಾವುದು? ವಿಪರ್ಯಾಸವೆಂದರೆ ಯಡಿಯೂರಪ್ಪ ರಾಜಕೀಯ ಆರಂಭಿಸಿದ್ದು 1970ರ ದಶಕದಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿ. ಸಿದ್ದರಾಮಯ್ಯ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದದ್ದು 1978ರಲ್ಲಿ. ಕೂಲಿಯವರ, ಕುರಿ ಕಾಯುವವರ, ಗುಮಾಸ್ತರ ಮಕ್ಕಳಿಗೆ ವಿಧಾನಸೌಧಕ್ಕೆ ಇದ್ದದ್ದು ಅದೊಂದೇ ಏಣಿ. ಹತ್ತಿದವರೇ ಅದನ್ನು ಮೇಲಕ್ಕೆಳೆದುಕೊಂಡರು.

ಏಣಿ ಇಲ್ಲದ ಮನೆಯಲ್ಲಿ ಮಹಡಿಗೆ ಹೋಗುವವರು ಮಹಡಿಯಲ್ಲೇ ಹುಟ್ಟಿದವರು ಮಾತ್ರ. ಶಿಕಾರಿಪುರ 1983ರಿಂದ ಈಚೆಗೆ, 1999ರ ಒಂದು ಸೋಲು ಬಿಟ್ಟರೆ, ಒಂದೇ ಮನೆಯದು: ಅಪ್ಪ, 2014ರ ಉಪಚುನಾವಣೆಯಲ್ಲಿ ಹಿರಿಯ ಮಗ, 2023ರಲ್ಲಿ ಕಿರಿಯ ಮಗ. ಸೊರಬದಲ್ಲಿ ಕುಬಟೂರಿನ ಬಂಗಾರಪ್ಪ 1967ರಲ್ಲಿ ಸಮಾಜವಾದಿಯಾಗಿ ಗೆದ್ದರು, ಮುಖ್ಯಮಂತ್ರಿಯಾದರು. ಈಗ ಅವರ ಮಕ್ಕಳಾದ ಅಣ್ಣ ತಮ್ಮಂದಿರ ಸರದಿ. 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು. ಪಕ್ಷದ ಬಾವುಟಗಳು ಮೂರು, ಮನೆ ಒಂದು. ಇದನ್ನೆಲ್ಲ ಕಣ್ಣೆದುರು ಇಟ್ಟುಕೊಂಡು ಬುಷ್ ಮನೆತನ, ಕ್ಲಿಂಟನ್ ಮನೆತನ, ಟ್ರಂಪನ ಮಕ್ಕಳು ಎಂದು ವಂಶಾಡಳಿತದ ಮೇಲೆ ಪ್ರವಚನ ಕೊಡುವವರ ಧೈರ್ಯ ಮೆಚ್ಚಬೇಕು. ಕನ್ನಡದ ಸುದ್ದಿ ವಾಹಿನಿಗಳಂತೂ ಈ ಧೈರ್ಯಕ್ಕೆ ಸಂಜೆಯ ಗಂಟೆಗಟ್ಟಲೆ ಮೀಸಲಿಟ್ಟಿವೆ. ಟ್ರಂಪ್ ಎಡವಿದ್ದಕ್ಕೆ, ಬೈಡನ್ ತಡವರಿಸಿದ್ದಕ್ಕೆ ಚರ್ಚೆ ಉಂಟು. ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಸದಸ್ಯರ ಕುರ್ಚಿಗಳು ಖಾಲಿ ಬಿದ್ದು ಇಷ್ಟು ವರ್ಷವಾಯಿತೆಂದು ಕ್ಯಾಮೆರಾ ಹೊತ್ತು ಹೋಗುವವರಿಲ್ಲ. ವಾಷಿಂಗ್ಟನ್ನಿನ ದೃಶ್ಯ ಪುಕ್ಕಟೆ ಸಿಗುತ್ತದೆ, ಸೊರಬಕ್ಕೆ ಡೀಸೆಲ್ ಬೇಕು.

ಅಮೆರಿಕದ ತೀರ್ಮಾನ ನಮ್ಮನ್ನೂ ತಟ್ಟುತ್ತದಲ್ಲ, ಸುಮ್ಮನಿರುವುದು ಹೇಗೆ ಎನ್ನುವವರಿದ್ದಾರೆ. ತಟ್ಟುತ್ತದೆ, ನಿಜ. 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಶೇಕಡ 50ರ ಸುಂಕ ಬಿತ್ತು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದರು. ಅದೇ ತಿಂಗಳು ಅಲ್ಲಿನ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲುಟ್ನಿಕ್, ನೂರ ನಲವತ್ತು ಕೋಟಿ ಜನರಿರುವ ಭಾರತ ನಮ್ಮ ಒಂದು ಬುಶೆಲ್ ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವಲ್ಲ ಎಂದು ಗೊಣಗಿದರು. ಶಿಕಾರಿಪುರಕ್ಕೂ ಅಮೆರಿಕಕ್ಕೂ ನಿಜವಾದ ಸಂಬಂಧ ಇರುವುದಿದ್ದರೆ ಅದು ಈ ಮಾತಿನಲ್ಲಿ. ಸುಗ್ಗಿಯಲ್ಲಿ ಶಿರಾಳಕೊಪ್ಪದ ದಾರಿ ಹಿಡಿದು ಹೋದವರಿಗೆ ಗೊತ್ತು, ಟಾರು ರಸ್ತೆಯ ಅರ್ಧ ಪಾಲು ಹಳದಿ. ತೇವ ಶೇಕಡ 14ಕ್ಕೆ ಇಳಿಯದಿದ್ದರೆ ಬೆಲೆ ಕತ್ತರಿಸುತ್ತಾರೆಂದು ಕಾಳನ್ನು ರಸ್ತೆಗೆ ಹರವಿ, ಕಾಲಿನಿಂದ ಎಳೆದೆಳೆದು ಸಾಲು ಮಾಡಿ, ಸಂಜೆ ಮೋಡ ಕಂಡರೆ ಟಾರ್ಪಾಲು ಹೊತ್ತು ಓಡುತ್ತಾರೆ. 2025ರ ನವೆಂಬರಿನಲ್ಲಿ ಆ ಕಾಳಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ರಾಜ್ಯದ ಪೇಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800ರ ಆಸುಪಾಸು. ಲುಟ್ನಿಕ್ಕರ ಕುಲಾಂತರಿ ಜೋಳ ಹಡಗಿನಲ್ಲಿ ಬಂದಿಳಿದರೆ ಈ ಬೆಲೆ ಎಲ್ಲಿಗೆ ನಿಲ್ಲುತ್ತದೆಂದು ಯೋಚಿಸಿ. ಟ್ರಂಪ್ ಪಂಡಿತರ ಎರಡು ಬಣಗಳಲ್ಲಿ ಯಾವುದು ಈ ಜೋಳದ ಮಾತೆತ್ತಿತು? ಖರೀದಿ ಕೇಂದ್ರ ತೆರೆಯಿರಿ, ಆಮದು ತಡೆಯಿರಿ ಎಂದು ಶಿವಮೊಗ್ಗ ಜಿಲ್ಲೆಯ ಹೆಸರಿನಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೂ ರಾಜ್ಯಕ್ಕೂ ಕಳಿಸಬೇಕಾದ ಜಾಗ ಜಿಲ್ಲಾ ಪಂಚಾಯಿತಿ. ಅದರಲ್ಲಿ ಕೃಷಿ ಮತ್ತು ಕೈಗಾರಿಕೆಗೆಂದೇ ಒಂದು ಸ್ಥಾಯಿ ಸಮಿತಿ ಇರಬೇಕೆಂದು ಕಾನೂನೇ ಹೇಳುತ್ತದೆ. ಸದಸ್ಯರಿಲ್ಲದ ಮೇಲೆ ಸಮಿತಿ ಎಲ್ಲಿಯದು? ಮಗನ ವೀಸಾ ಚಿಂತೆ ಇರುವ ತಂದೆತಾಯಿಯ ಸಂಕಟವನ್ನು ಯಾರೂ ಹಗುರ ಮಾಡಬೇಕಿಲ್ಲ. ಆದರೆ ಅಪರಿಚಿತನೊಬ್ಬನನ್ನು ಮೂರ್ಖ ಎಂದು ಬೈದದ್ದಕ್ಕೆ ಆ ಲಕ್ಷ ಡಾಲರಿನಲ್ಲಿ ಒಂದು ಡಾಲರೂ ಇಳಿಯುವುದಿಲ್ಲ.

ಇನ್ನು ಕೆಲವರು ಮಲೆನಾಡಿನ ಪರಂಪರೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಇದು ಸಮಾಜವಾದಿಗಳ ನೆಲ, ಇಲ್ಲಿನವರು ಯಾವತ್ತೂ ಲೋಕದ ಕುರಿತು ತಲೆ ಕೆಡಿಸಿಕೊಂಡವರೇ ಎನ್ನುತ್ತಾರೆ. ಸರಿ, ಆ ಪರಂಪರೆಯ ಹಿರಿಯನನ್ನೇ ನೋಡೋಣ. ರಾಮಮನೋಹರ ಲೋಹಿಯಾ 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದು ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದರು. ಅದೇ ವರ್ಷ ಅಮೆರಿಕಕ್ಕೂ ಹೋದರು. 1964ರಲ್ಲಿ ಮತ್ತೆ ಹೋದಾಗ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಬಿಳಿಯರಿಗೆ ಮಾತ್ರ ಎಂಬ ಉಪಾಹಾರ ಗೃಹದೊಳಗೆ ಕಾಲಿಡಲು ಹೋಗಿ ಅಲ್ಲಿಯೂ ಪೊಲೀಸರ ಕೈಗೆ ಸಿಕ್ಕರು. ಅಮೆರಿಕದ ರಾಜಕೀಯದ ಬಗ್ಗೆ ವಾದಿಸುವ ಹಕ್ಕು ಅವರಿಗಿತ್ತು, ಯಾಕೆಂದರೆ ಕಾಗೋಡಿನ ಗೇಣಿದಾರನ ಹಕ್ಕಿಗೂ ಜಾಕ್ಸನ್ನಿನ ಕರಿಯನ ಹಕ್ಕಿಗೂ ಅವರು ತೆತ್ತ ಬೆಲೆ ಒಂದೇ. ಇಲ್ಲಿಯ ಬಗರ್ ಹುಕುಂ ಅರ್ಜಿದಾರನಿಗಾಗಿ, ಲಿಂಗನಮಕ್ಕಿ ಜಲಾಶಯದಲ್ಲಿ ಊರು ಮುಳುಗಿ ಇಲ್ಲಿಗೆ ಬಂದು ಇಂದಿಗೂ ಹಕ್ಕುಪತ್ರ ಕಾಯುತ್ತಿರುವವನಿಗಾಗಿ ಒಂದು ದಿನ ತಾಲ್ಲೂಕು ಕಚೇರಿಯ ಮುಂದೆ ಕೂರದವರು ಲೋಹಿಯಾ ಹೆಸರನ್ನು ಅಡ್ಡ ಹಿಡಿಯಬಾರದು.

ಕೊನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಜಿಲ್ಲಾ ಪಂಚಾಯಿತಿ ಎಂದರೆ ಗುತ್ತಿಗೆದಾರರ ಸಂತೆ, ಇಲ್ಲದಿದ್ದರೇ ಒಳ್ಳೆಯದು. ವಿಧಾನಸಭೆ ಏನು ಋಷ್ಯಾಶ್ರಮವೆ? ಕಳ್ಳರಿದ್ದಾರೆಂದು ಅದರ ಚುನಾವಣೆ ನಿಲ್ಲಿಸಿದವರುಂಟೆ? ದೇಶಕ್ಕೆ ಪಂಚಾಯತ್ ರಾಜ್ ಹೇಳಿಕೊಟ್ಟ ರಾಜ್ಯ ಇದು. 1983ರ ಕಾಯ್ದೆ ತಂದ ಅಬ್ದುಲ್ ನಜೀರ್ ಸಾಬ್, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಚುನಾವಣೆಯಲ್ಲಿ ಕಾಲು ಭಾಗ ಸ್ಥಾನ ಹೆಂಗಸರಿಗೆ ಕೊಡಿಸಿದರು. ಅದು ಮುಂದೆ ಅರ್ಧಕ್ಕೇರಿತು. ಅಂದರೆ ಈ ಚುನಾವಣೆಗಳನ್ನು ಮುಂದೂಡಿದ ಒಂದೊಂದು ವರ್ಷವೂ ರಾಜ್ಯದ ಸಾವಿರಾರು ಹೆಂಗಸರನ್ನು ಮನೆಗೆ ಕಳಿಸಿದ ವರ್ಷ. ಅಮೆರಿಕ ಒಬ್ಬ ಹೆಂಗಸನ್ನು ಅಧ್ಯಕ್ಷೆ ಮಾಡಲಿಲ್ಲ ಎಂದು ಹ್ಯಾರಿಸ್ ಪರ ಕಣ್ಣೀರು ಹಾಕಿದವರು ಈ ಲೆಕ್ಕವನ್ನೂ ಸ್ವಲ್ಪ ನೋಡಬಹುದಿತ್ತು.

ಶಿಕಾರಿಪುರ ತಾಲ್ಲೂಕಿನದೇ ಹಳ್ಳಿ ಈಸೂರು 1942ರಲ್ಲಿ ತನ್ನನ್ನು ತಾನೇ ಆಳಿಕೊಳ್ಳುತ್ತೇನೆಂದು ಹೊರಟು ಸ್ವಂತ ಸರ್ಕಾರ ಘೋಷಿಸಿತು. ಅದಕ್ಕೆ 1943ರ ಮಾರ್ಚಿನಲ್ಲಿ ಐವರು ನೇಣಿಗೇರಿದರು. ಇವತ್ತು ಯಾರೂ ಗಲ್ಲಿಗೇರಬೇಕಿಲ್ಲ, ಕೇಳಿದರೆ ಸಾಕು. ಕೇಳಬೇಕಾದವರು ಹದಿಮೂರು ಸಾವಿರ ಕಿಲೋಮೀಟರ್ ಆಚೆಯೂ ಇಲ್ಲ. ಸೊರಬದ ಶಾಸಕರು 2023ರಲ್ಲಿ, ಚುನಾವಣೆ ನಡೆಸಬೇಕಾದ ಸರ್ಕಾರದಲ್ಲಿ ಸಚಿವರಾದರು. ಶಿಕಾರಿಪುರದ ಶಾಸಕ ಬಿ.ವೈ. ವಿಜಯೇಂದ್ರ 2023ರ ನವೆಂಬರಿನಲ್ಲಿ, ಚುನಾವಣೆಗೆ ಪಟ್ಟು ಹಿಡಿಯಬೇಕಾದ ವಿರೋಧ ಪಕ್ಷದ ರಾಜ್ಯಾಧ್ಯಕ್ಷರಾದರು. ಇಡೀ ರಾಜ್ಯದಲ್ಲಿ ಈ ಪ್ರಶ್ನೆಯನ್ನು ಎರಡೂ ಕಡೆಗೆ ಒಟ್ಟಿಗೆ ಹಾಕುವ ಅನುಕೂಲ ಈ ಎರಡು ತಾಲ್ಲೂಕಿನವರಿಗಿದ್ದಷ್ಟು ಬೇರೆಯವರಿಗಿಲ್ಲ. ಮದುವೆಗೋ ಜಾತ್ರೆಗೋ ಇಬ್ಬರೂ ಬಂದೇ ಬರುತ್ತಾರೆ. ಹಾರ ಹಾಕುವ ಮುಂಚೆ ಚುನಾವಣೆಯ ತಾರೀಖು ಕೇಳಿ. ಹೇಳದಿದ್ದರೆ ಹಾರ ಕೈಯಲ್ಲೇ ಇರಲಿ.