ಹೆಗ್ಡೆಯವರು ಬಿಟ್ಟು ಬಂದ ಕುರ್ಚಿ

ದೇರಳಕಟ್ಟೆ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಕೆ.ಎಸ್. ಹೆಗ್ಡೆ ಹೆಸರು ಬರುತ್ತದೋ ಲೆಕ್ಕವಿಲ್ಲ. ಆಸ್ಪತ್ರೆಗೆ ಹೋಗುವವರು ಇಳಿಯುತ್ತಾರೆ, ಕಾಲೇಜಿನ ಮಕ್ಕಳು ಇಳಿಯುತ್ತಾರೆ. ಈ ಹೆಗ್ಡೆ ಯಾರು ಮಾರಾಯ್ರೆ ಅಂತ ಕೇಳಿದರೆ, ದೊಡ್ಡ ಡಾಕ್ಟರು ಇರಬೇಕು ಅನ್ನುವವರೂ ಉಂಟು. ಡಾಕ್ಟರಲ್ಲ, ವಕೀಲರು. ವಕೀಲರಾಗಿ, ಪಾರ್ಲಿಮೆಂಟ್ ಸದಸ್ಯರಾಗಿ, ದೇಶದ ಅತಿ ದೊಡ್ಡ ಕೋರ್ಟಿನ ನ್ಯಾಯಾಧೀಶರಾಗಿ, ಆ ಕುರ್ಚಿಯನ್ನು ಬಿಟ್ಟು ಎದ್ದು ಬಂದವರು. ಎದ್ದು ಬಂದದ್ದೇ ಮುಖ್ಯ ಸಂಗತಿ.

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಹೆಗ್ಡೆಯವರು ಓದಿದ್ದು ಮಂಗಳೂರಿನ ಅಲೋಶಿಯಸ್‌ನಲ್ಲಿ, ಆಮೇಲೆ ಮದ್ರಾಸಿನಲ್ಲಿ. 1947ರಿಂದ 51ರ ತನಕ ಸರಕಾರಿ ಪ್ಲೀಡರು, ಪಬ್ಲಿಕ್ ಪ್ರಾಸಿಕ್ಯೂಟರು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1952ರಲ್ಲಿ ಮದ್ರಾಸಿನಿಂದಲೇ ಕಾಂಗ್ರೆಸ್ಸಿನ ಸದಸ್ಯರಾಗಿ ರಾಜ್ಯಸಭೆಗೆ ಹೋದರು. 1957ರಲ್ಲಿ ಅಲ್ಲಿಂದ ಸೀದಾ ಮೈಸೂರು ಹೈಕೋರ್ಟಿನ ನ್ಯಾಯಪೀಠಕ್ಕೆ.

ಆಳುವ ಪಕ್ಷದ ಎಂಪಿ ಇವತ್ತು ಹೀಗೆ ಹೈಕೋರ್ಟ್ ಜಡ್ಜಾದರೆ ಈ ಪತ್ರಿಕೆಯೂ ಸೇರಿ ಎಲ್ಲರೂ ಬೊಬ್ಬೆ ಹಾಕುತ್ತೇವೆ. ಹಾಕಬೇಕಾದದ್ದೇ. ಆದರೆ ಹೆಗ್ಡೆಯವರ ವಿಷಯದಲ್ಲಿ ಮುಂದೆ ಏನಾಯಿತು ಅಂತ ನೋಡದೆ ಷರಾ ಬರೆಯುವುದು ಸರಿಯಲ್ಲ. 1966ರಲ್ಲಿ ಅವರು ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೂತು ಮಾಡಿದ ಮೂರು ಕೆಲಸಗಳನ್ನು ಇಲ್ಲಿ ಹೇಳಲೇಬೇಕು.

ಒಂದು, 1969ರ ಕ್ರೈಪಾಕ್ ಮೊಕದ್ದಮೆ. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಕೇಂದ್ರದ ಅರಣ್ಯ ಸೇವೆಗೆ ಆರಿಸುವ ಮಂಡಳಿ. ಅದರಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯಾಧಿಕಾರಿಯೂ ಸದಸ್ಯ. ತಮಾಷೆ ಏನೆಂದರೆ, ಅದೇ ಹುದ್ದೆಗೆ ಆತನೂ ಅಭ್ಯರ್ಥಿ! ತನ್ನ ಹೆಸರು ಬಂದಾಗ ಮಾತ್ರ ಆತ ಎದ್ದು ಹೊರಗೆ ಹೋದ. ಎದುರಾಳಿಗಳ ಹೆಸರು ಬಂದಾಗ ಕೂತೇ ಇದ್ದ, ಪಟ್ಟಿ ತಯಾರಿಸುವಾಗಲೂ ಕೈಜೋಡಿಸಿದ. ಇದು ಕೋರ್ಟು ಕಚೇರಿಯಲ್ಲ, ಬರೇ ಆಡಳಿತದ ಕೆಲಸ, ನ್ಯಾಯದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ ಅಂತ ವಾದ. ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಆ ವಾದವನ್ನು ಒಪ್ಪಲಿಲ್ಲ, ಆಯ್ಕೆಯನ್ನೇ ರದ್ದು ಮಾಡಿದರು. ಆಡಳಿತದ ಮೇಜಿನಲ್ಲೂ ತನ್ನ ಪ್ರಕರಣಕ್ಕೆ ತಾನೇ ಪಂಚನಾಗುವ ಹಾಗಿಲ್ಲ ಎಂಬುದು ಆವತ್ತಿನಿಂದ ಗಟ್ಟಿಯಾಯಿತು. ನಮ್ಮ ಸಹಕಾರಿ ಸಂಘಗಳ, ಶಾಲಾ ಆಡಳಿತಗಳ ಇಂಟರ್‌ವ್ಯೂ ಮೇಜಿನ ಆ ಬದಿ ಮಾವ, ಈ ಬದಿ ಅಳಿಯ ಕೂರುವ ಚೆಂದವನ್ನು ಬಲ್ಲ ಓದುಗರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಎರಡನೆಯದು 1972ರದ್ದು. ರಾಯ್ ಬರೇಲಿಯ ಚುನಾವಣೆಯ ಬಗ್ಗೆ ಇಂದಿರಾ ಗಾಂಧಿಯವರ ಮೇಲೆ ರಾಜ್ ನಾರಾಯಣ್ ಹೂಡಿದ್ದ ತಕರಾರು ಅರ್ಜಿ. ಇಂದಿರಾ ಯಾವ ದಿನದಿಂದ ಅಭ್ಯರ್ಥಿಯಾದರು, ಆ ಹೊತ್ತಿಗೆ ಯಶಪಾಲ್ ಕಪೂರ್ ಇನ್ನೂ ಸರಕಾರಿ ನೌಕರಿಯಲ್ಲಿದ್ದರೋ ಎಂಬ ಪ್ರಶ್ನೆಯನ್ನು ಅಲಹಾಬಾದ್ ಹೈಕೋರ್ಟು ಕೈಬಿಟ್ಟಿತ್ತು. ಹೆಗ್ಡೆಯವರು ಬರೆದ ತೀರ್ಪು ಆ ಪ್ರಶ್ನೆಯನ್ನು ವಿಚಾರಣೆಗೆ ತಂದು ನಿಲ್ಲಿಸಿತು. 1975ರ ಜೂನ್ 12ರಂದು ನ್ಯಾಯಮೂರ್ತಿ ಸಿನ್ಹಾ ಆ ಚುನಾವಣೆಯನ್ನು ರದ್ದು ಮಾಡಲು ಕೊಟ್ಟ ಎರಡು ಕಾರಣಗಳಲ್ಲಿ ಒಂದು ಇದೇ ಕಪೂರ್ ವಿಷಯ. ಕಾಂಗ್ರೆಸ್ಸಿನಿಂದ ಬಂದ ಜಡ್ಜ್ ಕಾಂಗ್ರೆಸ್ಸಿನ ಪ್ರಧಾನಿಗೆ ಮಾಡಿದ ಉಪಕಾರ ನೋಡಿ!

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮತ್ತು ಅದರ ಬೇರು ನಮ್ಮ ಹಿತ್ತಿಲಲ್ಲೇ ಉಂಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ದೆಹಲಿಗೆ ಹೋದರು. 13 ಜಡ್ಜುಗಳು, 68 ದಿನದ ವಾದ. 1973ರ ಏಪ್ರಿಲ್ 24ರಂದು 7ಕ್ಕೆ 6ರ ತೀರ್ಪು: ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಚೌಕಟ್ಟನ್ನು ಮುರಿಯುವ ಹಾಗಿಲ್ಲ. ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯ ಜತೆ ಸೇರಿ ತೀರ್ಪು ಬರೆದರು. ಸ್ವಾಮಿಗಳಿಗೆ ಜಮೀನು ವಾಪಸ್ ಬರಲಿಲ್ಲ, ಅದು ಬೇರೆ ಮಾತು. ಆದರೆ ಗಮನಿಸಿ, ಪಾರ್ಲಿಮೆಂಟಿನ ಕೈಗೆ ಗೆರೆ ಎಳೆದವರಲ್ಲಿ ಪಾರ್ಲಿಮೆಂಟಿನೊಳಗೆ ಐದು ವರ್ಷ ಕೂತು ಬಂದವರೂ ಇದ್ದರು. ಕೈ ಎತ್ತುವ ಬಹುಮತ ಹೇಗಿರುತ್ತದೆಂದು ಹೆಗ್ಡೆಯವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ತೀರ್ಪಿಗೆ ಎರಡೇ ದಿನ. ಏಪ್ರಿಲ್ 26ರಂದು ಎ.ಎನ್. ರೇ ಮುಖ್ಯ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತರು. ರೇ ಆರರ ಗುಂಪಿನವರು. ಅವರಿಗಿಂತ ಹಿರಿಯರಾದ ಶೆಲಟ್, ಹೆಗ್ಡೆ, ಗ್ರೋವರ್ ಮೂವರೂ ಏಳರ ಗುಂಪಿನವರು, ಮೂವರನ್ನೂ ದಾಟಿಸಿ ಬಿಟ್ಟರು. ಜ್ಯೇಷ್ಠತೆಯಂತೆ ನಡೆದಿದ್ದರೆ ಶೆಲಟ್ ನಿವೃತ್ತರಾದ ಮೇಲೆ ಹೆಗ್ಡೆಯವರಿಗೆ ಸುಮಾರು ಹನ್ನೊಂದು ತಿಂಗಳು ಆ ಕುರ್ಚಿ ಸಿಗುತ್ತಿತ್ತು. ಸುಮ್ಮನೆ ತಲೆ ತಗ್ಗಿಸಿ ಕೂತಿದ್ದರೆ 1974ರ ಜೂನಿನ ತನಕ ಜಡ್ಜಾಗಿಯೇ ಇರಬಹುದಿತ್ತು. ಏಪ್ರಿಲ್ 30ಕ್ಕೆ ರಾಜೀನಾಮೆ ಬರೆದರು. ಉಳಿದಿಬ್ಬರೂ ಬಿಟ್ಟರು.

ಇದನ್ನು ಲೋಕಸಭೆಯಲ್ಲಿ ಸಮರ್ಥಿಸಿದವರು ಉಕ್ಕು ಮತ್ತು ಗಣಿ ಸಚಿವ ಮೋಹನ್ ಕುಮಾರಮಂಗಲಂ. ಜಡ್ಜನ್ನು ಆರಿಸುವಾಗ ಆತನ ಮನೋಧರ್ಮವನ್ನೂ ಸರಕಾರ ನೋಡಬೇಕು ಎಂಬುದು ಅವರ ವಾದ. ಈ ಕುಮಾರಮಂಗಲಂ ಬೇರೆ ಯಾರೂ ಅಲ್ಲ, ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿಯವರ ಮಗ. ಅರ್ಜಿದಾರರು ಎಡನೀರಿನವರು, ದಂಡ ತೆತ್ತವರು ಕಾರ್ಕಳದವರು, ದಂಡ ಸರಿ ಎಂದವರು ಮಂಗಳೂರಿನ ಮೊಮ್ಮಗ. ಹಳೇ ದಕ್ಷಿಣ ಕನ್ನಡದ ಮಂದಿ ದೆಹಲಿಗೆ ಹೋಗಿ ಆಡಿದ ಜಗಳವೋ ಅನ್ನುವ ಹಾಗುಂಟು.

ಆಮೇಲಿನದು ರಾಜಕೀಯ. 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಕೆಂಗಲ್ ಹನುಮಂತಯ್ಯನವರಂಥವರನ್ನು ಸೋಲಿಸಿ ಲೋಕಸಭೆಗೆ ಹೋದರು. ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದ ಚುನಾವಣೆ ಅದು. ಜುಲೈಯಲ್ಲಿ ಸ್ಪೀಕರಾದರು. ಘಟ್ಟದ ಮೇಲಿನ ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಗಾಂಧಿಯವರನ್ನು 1978ರ ಡಿಸೆಂಬರಿನಲ್ಲಿ ಸದನ ಹೊರಗೆ ಹಾಕಿದಾಗ ಪೀಠದಲ್ಲಿದ್ದವರು ಇವರೇ. ಸದನದ ತೀರ್ಮಾನ ಹೌದು, ಸ್ಪೀಕರದ್ದಲ್ಲ. ಆದರೂ ಆ ಚಿತ್ರ ಚೆಂದ ಕಾಣುವುದಿಲ್ಲ. ಜಡ್ಜಾಗಿದ್ದವರು ಪಕ್ಷದ ಟಿಕೇಟು ತೆಗೆದುಕೊಂಡದ್ದರಿಂದ, ನೋಡಿ, ಮೊದಲೇ ಹೀಗೆ ಇದ್ದರು ಎನ್ನಲು ಎದುರಾಳಿಗಳಿಗೆ ಬಾಯಿ ಸಿಕ್ಕಿತು. ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ಆದರೂ ಒಂದು ಫರಕು ಉಂಟು. ಬಹರುಲ್ ಇಸ್ಲಾಂ ಅವರೂ ರಾಜ್ಯಸಭೆಯಿಂದ ಹೈಕೋರ್ಟು, ಸುಪ್ರೀಂ ಕೋರ್ಟು ಕಂಡವರೇ. 1982ರ ಡಿಸೆಂಬರಿನಲ್ಲಿ ಬಿಹಾರದ ಮುಖ್ಯಮಂತ್ರಿ ಜಗನ್ನಾಥ ಮಿಶ್ರರಿಗೆ ಅನುಕೂಲವಾದ ತೀರ್ಪಿಗೆ ಸಹಿ ಹಾಕಿ, ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟು, ಕಾಂಗ್ರೆಸ್ಸಿನಿಂದ ಮತ್ತೆ ರಾಜ್ಯಸಭೆಗೆ ಹೋದರು. ಮುಖ್ಯ ನ್ಯಾಯಾಧೀಶರಾಗಿದ್ದ ರಂಜನ್ ಗೊಗೊಯ್ 2019ರ ನವೆಂಬರಿನಲ್ಲಿ ನಿವೃತ್ತಿ, 2020ರ ಮಾರ್ಚಿನಲ್ಲಿ ನಾಮಕರಣ ಸದಸ್ಯ. ನಮ್ಮವರೇ ಆದ, ಮೂಡುಬಿದಿರೆ ಕಡೆಯ ನ್ಯಾಯಮೂರ್ತಿ ಅಬ್ದುಲ್ ನಜೀರ್ 2023ರ ಜನವರಿ 4ಕ್ಕೆ ನಿವೃತ್ತರಾದರು. ಫೆಬ್ರವರಿ ಅರ್ಧ ಮುಗಿಯುವ ಮೊದಲೇ ಆಂಧ್ರದ ರಾಜ್ಯಪಾಲರೆಂದು ನೇಮಕ ಬಂತು. ನಮ್ಮ ಜಿಲ್ಲೆಯವರು ಎಂಬ ಕಾರಣಕ್ಕೆ ಸುಮ್ಮನಿರುವ ಹಾಗಿಲ್ಲ. ಅವರ ಯೋಗ್ಯತೆಯ ಪ್ರಶ್ನೆ ಅಲ್ಲ ಇದು. ಸರಕಾರದ ಕೇಸು ಕೇಳಿದ ಕೈಗೆ ಸರಕಾರವೇ ಆರು ವಾರದೊಳಗೆ ಹುದ್ದೆ ಇಡಬಹುದೇ? ಹೆಗ್ಡೆಯವರು ಕೊಡುವವರ ವಿರುದ್ಧ ತೀರ್ಪು ಬರೆದು ಕುರ್ಚಿ ಕಳಕೊಂಡರು, ನಾಲ್ಕು ವರ್ಷ ಕಳೆದು ಜನರ ಹತ್ತಿರ ಓಟು ಕೇಳಿದರು.

ನಿವೃತ್ತ ಜಡ್ಜುಗಳು ಇಷ್ಟು ವರ್ಷ ಸರಕಾರಿ ಹುದ್ದೆ ಹಿಡಿಯಬಾರದು ಎಂಬ ಕಾನೂನು ಬರಬೇಕೆಂದು ನಾವು ಕೇಳುತ್ತೇವೆ. ದೆಹಲಿಯವರಿಗೆ ಅದು ಬೇಡ, ಯಾವ ಪಕ್ಷದವರಿಗೂ ಬೇಡ. ಅಷ್ಟರೊಳಗೆ ಇಲ್ಲೇ ಆಗುವ ಕೆಲಸ ಒಂದುಂಟು. ಹೆಗ್ಡೆಯವರು 1990ರ ಮೇ 24ರಂದು ನಿಟ್ಟೆಯಲ್ಲಿ ತೀರಿಕೊಂಡರು. 1979ರಲ್ಲಿ ಅವರು ಶುರು ಮಾಡಿದ ನಿಟ್ಟೆಯ ವಿದ್ಯಾ ಟ್ರಸ್ಟು ಇಂದು ಎಷ್ಟು ಬೆಳೆದಿದೆ ಎಂದು ಎಲ್ಲರೂ ಬಲ್ಲರು. ಕ್ರೈಪಾಕ್ ತೀರ್ಪನ್ನು ಯಾರಾದರೂ ಸರಳ ಕನ್ನಡಕ್ಕೆ ತಂದು, ಏಪ್ರಿಲ್ 30ರಂದು ಕಾರ್ಕಳದ ಕೋರ್ಟಿನಲ್ಲೋ ಮಂಗಳೂರಿನ ಕಾನೂನು ಕಾಲೇಜಿನಲ್ಲೋ ಹಂಚಲಿ. ಅಚ್ಚಿನ ಖರ್ಚು ಹೆಚ್ಚೇನೂ ಆಗಲಿಕ್ಕಿಲ್ಲ.